ನಮ್ಮವ್ವಂಗೂ ಇದೇ ಮಾತ್ರೆ

ಸುನಂದಮ್ಮನ ಕೆಮ್ಮು ಶುರುವಾದದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಹಾಗಾಗಿ ಮೊದಲ ಒಂದು ತಿಂಗಳು ಅದನ್ನು ಯಾರೂ ಕೆಮ್ಮೆಂದು ಗಣನೆಗೇ ತೆಗೆದುಕೊಳ್ಳಲಿಲ್ಲ. ರಾವಂದೂರಿನ ಸುತ್ತಮುತ್ತಲ ಊರುಗಳಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನು ಗೂಡುಗಳಲ್ಲಿ ಬೆಂಕಿ ಹೊತ್ತಿತೆಂದರೆ ಮನೆಗೆ ಇಬ್ಬರಾದರೂ ಕೆಮ್ಮುವವರು ಇದ್ದೇ ಇರುತ್ತಾರೆ. ಮೊದಲು ಸೌದೆ ಹೊಗೆ, ಆಮೇಲೆ ಬೆಂದ ಸೊಪ್ಪಿನ ಘಾಟು, ಕೊನೆಗೆ ಒಣಗಿದ ಎಲೆ ವಿಂಗಡಿಸುವಾಗಿನ ಧೂಳು. ಅವಳ ಗಂಡ ಕೆಂಪಯ್ಯನಂತೂ ಬೀಡಿಯ ದಯೆಯಿಂದ ವರ್ಷದ ಹನ್ನೆರಡು ತಿಂಗಳೂ ಕೆಮ್ಮುವ ಪೈಕಿ. ಅವನು ಹೊಲದಿಂದ ಬಂದನೆನ್ನುವುದು ಬೀದಿಗೆಲ್ಲ ಗೊತ್ತಾಗುತ್ತಿದ್ದದ್ದೇ ಅವನ ಕೆಮ್ಮಿನಿಂದ.

ಸುನಂದಮ್ಮನದು ಆ ಜಾತಿಯ ಕೆಮ್ಮಲ್ಲ. ಕಫ ಇಲ್ಲ, ಜ್ವರ ಇಲ್ಲ. ಗಂಟಲೊಳಗೆ ಯಾರೋ ಕೋಳಿಗರಿ ಆಡಿಸಿದ ಹಾಗೆ ಕೆರೆತ ಬರುತ್ತಿತ್ತು. ಬಂದರೆ ಕಣ್ಣಲ್ಲಿ ನೀರು ಇಳಿಯುವವರೆಗೂ ಬಿಡುತ್ತಿರಲಿಲ್ಲ. ಮುದ್ದೆ ತೊಳಸುತ್ತಾ ಕೂತವಳು ಕೋಲನ್ನು ಸೊಸೆಯ ಕೈಗೆ ಕೊಟ್ಟು ಹಿತ್ತಲಿಗೆ ಓಡಬೇಕಾಗುತ್ತಿತ್ತು.

"ಸಿರಪ್ ತಂದಿದೀನಿ ಕುಡಿಯವ್ವ," ಎಂದು ಮಗ ನಂಜುಂಡೇಶ್ ಒಂದು ಬಾಟಲಿ ಕೊಟ್ಟ. ಅದು ಮುಗಿಯಿತು. ಕೆಂಪು ಬಣ್ಣದ್ದು ಇನ್ನೊಂದು ಕೊಟ್ಟ. ಅದೂ ಮುಗಿಯಿತು. ಕೆಮ್ಮು ಮಾತ್ರ ತನ್ನ ಪಾಡಿಗೆ ತಾನಿತ್ತು.

ನಂಜುಂಡೇಶ್ ಪಿರಿಯಾಪಟ್ಟಣದ ಒಂದು ಮೆಡಿಕಲ್ ಸ್ಟೋರಿನಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಓದಿದ್ದು ಪಿಯುಸಿ, ಊರು ಕರೆಯುವುದು ಡಾಕ್ಟ್ರು ಎಂದು. ಬಿ.ಪಿ., ಸಕ್ಕರೆ ಇರುವವರಿಗೆ ತಿಂಗಳ ಮಾತ್ರೆಯನ್ನು ಅವನೇ ಬೈಕಿನಲ್ಲಿ ತಂದುಬಿಡುತ್ತಿದ್ದ. ಅವನು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಅದಕ್ಕೆ ಮಾತ್ರೆಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ತಾಯಿಯ ವಶಕ್ಕೆ ಬಿಟ್ಟಿದ್ದ. ಸುನಂದಮ್ಮನಿಗೆ ಇಂಗ್ಲಿಷ್ ಬಾರದು, ಬಣ್ಣ ಬರುತ್ತದೆ. ದಾಸಯ್ಯನದು ಉದ್ದ ಮಾತ್ರೆ, ಕೂಲಿಗೆ ಬರುವ ಚಿಕ್ಕಸಿದ್ದಮ್ಮನದು ದುಂಡು ಮಾತ್ರೆ, ಹೀಗೆ. ಜಗಲಿಯ ಮೇಲೆ ಡಬ್ಬಿಯಿಟ್ಟುಕೊಂಡು, ಬಂದವರಿಗೆ ಗುರುತು ಹಿಡಿದು ಕೊಟ್ಟು, "ಊಟ ಆದ್ಮೇಲೆ ತಗಳಿ, ಮರೀಬ್ಯಾಡಿ," ಎಂದು ಬುದ್ಧಿ ಹೇಳಿ ಕಳಿಸುವಾಗ ಅವಳ ಮುಖ ನೋಡಬೇಕಿತ್ತು. ಡಾಕ್ಟ್ರ ತಾಯಿ ಎನ್ನುವುದು ಸಣ್ಣ ಪದವಿಯೇನಲ್ಲ.

ಅವಳಿಗೂ ಬಿ.ಪಿ. ಇತ್ತು. ಎರಡು ವರ್ಷದ ಹಿಂದೆ ಹುಣಸೂರಿನ ಡಾಕ್ಟರೊಬ್ಬರು ಬಿಳಿ ಮಾತ್ರೆ ಬರೆದುಕೊಟ್ಟಿದ್ದರು. ಅದರಿಂದ ಬಿ.ಪಿ. ಇಳಿಯಿತು, ಕಾಲು ಊದಿತು. ಸಂಜೆ ಹೊತ್ತಿಗೆ ಕಣಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಬೇರೆ ವರ್ಷವಾಗಿದ್ದರೆ ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ವರ್ಷ ಮಗಳು ಪದ್ಮಶ್ರೀ ಬಸುರಿ. ಎಚ್.ಡಿ. ಕೋಟೆಗೆ ಮದುವೆ ಮಾಡಿಕೊಟ್ಟು ಐದು ವರ್ಷವಾದ ಮೇಲೆ, ಹರಕೆ, ಆಸ್ಪತ್ರೆ ಎಲ್ಲ ಸುತ್ತಿ ನಿಂತ ಬಸುರು. ಚೊಚ್ಚಲ ಬಾಣಂತನ ತವರಿನ ಹಕ್ಕು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು ತಾಯಿಯ ತಾಯಿ.

"ಈ ಕಾಲ್ ಮ್ಯಾಲೆ ಮಗೀನ ಮಲಗ್ಸಿ ನೀರು ಉಯ್ಯೋಕಾದದೇನ್ಲಾ?" ಎಂದು ಶ್ರಾವಣದಲ್ಲಿ ಅವಳು ಮಗನ ಮುಂದೆ ಕಾಲು ಚಾಚಿ ತೋರಿಸಿದ್ದಳು. "ಏನಾರ ಮಾಡು ಕಣಪ್ಪ. ಹುಣಸೂರಿಗೆ ಹೋಗಿ ತೋರ್ಸಾನ?"

"ಇಷ್ಟಕ್ಯಾಕೆ ಡಾಕ್ಟ್ರತ್ರ ಹೋಗ್ಬೇಕವ್ವ? ನಮ್ ಓನರ್ ಹೊಸ ಸ್ಟಾಕ್ ತರ್ಸವ್ರೆ. ಬಿಪಿ ಮಾತ್ರೆ ಎಲ್ಲಾ ಒಂದೇ ಕಣವ್ವ, ಕಂಪ್ನಿ ಬೇರೆ ಅಷ್ಟೆ," ಎಂದ ನಂಜುಂಡೇಶ್. ಮಾರನೆಯ ದಿನ ಗುಲಾಬಿ ಬಣ್ಣದ ಮಾತ್ರೆ ಬಂತು.

ಹದಿನೈದು ದಿನದಲ್ಲಿ ಕಾಲಿನ ಊತ ಇಳಿಯಿತು. ಸುನಂದಮ್ಮ ಸೀರೆ ಎತ್ತಿ ಕಾಲು ತೋರಿಸಿದ್ದೇ ತೋರಿಸಿದ್ದು. "ನನ್ ಮಗ ಡಾಕ್ಟ್ರಿಗಿಂತ ಒಂದು ಕೈ ಮ್ಯಾಲೆ," ಎಂದು ನೀರು ತರುವಲ್ಲಿ, ಹಾಲಿನ ಡೈರಿಯಲ್ಲಿ ಹೇಳಿಕೊಂಡು ಬಂದಳು. ಆಮೇಲೆ ಒಬ್ಬೊಬ್ಬರಿಗಾಗಿ ಊರಿನ ಹದಿನಾಲ್ಕು ಮನೆಗೆ ಗುಲಾಬಿ ಮಾತ್ರೆ ಹೋಯಿತು. ಯಾರಾದರೂ "ಬಣ್ಣ ಬೇರೆ ಅದಲ್ಲಪ್ಪಾ," ಎಂದು ಅನುಮಾನಿಸಿದರೆ ನಂಜುಂಡೇಶನ ಬಾಯಲ್ಲಿ ಒಂದೇ ಉತ್ತರ: "ನಮ್ಮವ್ವಂಗೂ ಇದೇ ಮಾತ್ರೆ." ಅದಕ್ಕಿಂತ ದೊಡ್ಡ ಚೀಟಿ ಯಾವ ಡಾಕ್ಟರು ಬರೆದುಕೊಟ್ಟಾರು?

ಏಳನೇ ತಿಂಗಳ ಸೀಮಂತ ಮುಗಿಸಿಕೊಂಡು ಪದ್ಮಶ್ರೀ ನವರಾತ್ರಿಗೆ ಎರಡು ದಿನ ಮುಂಚೆ ತವರಿಗೆ ಬಂದಳು. ಅಷ್ಟರಲ್ಲಿ ಸುನಂದಮ್ಮ ಬಾಣಂತಿ ಖಾರ ಕುಟ್ಟಿಟ್ಟಿದ್ದಳು. ಬೆಣ್ಣೆ ಕಾಯಿಸಿ ಎರಡು ಡಬ್ಬಿ ತುಪ್ಪ ಮಾಡಿದ್ದಳು. ಹರಳೆಣ್ಣೆ, ಬಜೆ, ಸಾಂಬ್ರಾಣಿ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸಿದ್ದಳು. ತನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು, ಬಿಸಿನೀರಿಗೆ ಹಾಕಿ, ಮಗುವಿನ ಮೈಗೆ ಚುಚ್ಚದ ಹಾಗೆ ಅಂಚು ತೆಗೆದು ಮಡಿಸಿಟ್ಟಿದ್ದಳು. ಇಷ್ಟೂ ಕೆಲಸ ಕೆಮ್ಮುತ್ತಲೇ ಆಯಿತು.

ಅತ್ತೆ ಕೆಮ್ಮುತ್ತಾ ಬಸುರಿಗೆ ಅನ್ನ ಬಡಿಸುವುದನ್ನು ಸೊಸೆ ರಮ್ಯಶ್ರೀ ನಾಲ್ಕು ದಿನ ನೋಡಿದಳು. ಐದನೆಯ ದಿನ ಗಂಡನನ್ನು ಹಿತ್ತಲಿಗೆ ಕರೆದಳು. ಒಗೆಯುವ ಕಲ್ಲಿನ ಹತ್ತಿರ ಆಡಿದ ಮಾತು ಅಡುಗೆಮನೆಯಲ್ಲಿದ್ದ ಸುನಂದಮ್ಮನಿಗೆ ಸರಿಯಾಗಿಯೇ ಕೇಳಿಸಿತು.

"ಒಂದೂವರೆ ತಿಂಗಳಾಯ್ತು ಕಣ್ರೀ. ಎರಡು ವಾರ ಕೆಮ್ಮಿದ್ರೇನೇ ಕಫ ಟೆಸ್ಟ್ ಮಾಡ್ಸಿ ಅಂತಾರೆ. ಕರ್ಕೊಂಡ್ ಹೋಗಿ."

"ಟೀಬಿ ಅಂತ ಹೆಸರು ಬರ್ಕೊಂಡ್ರೆ ಆಯ್ತು ಬುಡು. ಮನೆ ಬಾಗ್ಲಿಗೆ ಬತ್ತಾರೆ, ಮನೆಯೋರ್ನೆಲ್ಲಾ ಟೆಸ್ಟ್ ಮಾಡ್ತಾರೆ. ಊರಿಗೆಲ್ಲಾ ಗೊತ್ತಾಯ್ತದೆ. ನಾನೇ ಆಂಟಿಬಯಾಟಿಕ್ ತಂದ್ಕೊಡ್ತೀನಿ."

"ಅಲ್ಲೀಗಂಟ? ಪದ್ಮ ಏನ್ ಮಾಡ್ಬೇಕು?"

ನಂಜುಂಡೇಶ್ ಏನೆಂದನೋ ಕೇಳಿಸಲಿಲ್ಲ. ಆದರೆ ಆ ದಿನ ರಾತ್ರಿ ಸುನಂದಮ್ಮ ಊಟಕ್ಕೆ ಕೂತಾಗ ಅವಳ ಮುಂದೆ ಬಂದದ್ದು ಬೇರೆ ತಟ್ಟೆ. ಬ್ಯಾರನ್ನಿನ ಮಾಡಿನಲ್ಲಿ ಸೊಪ್ಪಿನ ಕೆಲಸದ ಆಳುಗಳಿಗೆಂದು ಬೇರೆ ಇಟ್ಟಿದ್ದ, ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ಜೊತೆಗೆ ಆಳುಗಳದೇ ಲೋಟ.

"ತಪ್ ತಿಳ್ಕೋಬೇಡಿ ಅತ್ತೆ," ಎಂದಳು ರಮ್ಯ, ತಲೆ ತಗ್ಗಿಸಿಕೊಂಡೇ. "ಬಸುರಿ ಹೆಂಗ್ಸು ಮನೇಲವ್ರೆ. ಅಡುಗೆ ನಾನೇ ನೋಡ್ಕೋತೀನಿ."

ಸುನಂದಮ್ಮ ಗಂಡನ ಮುಖ ನೋಡಿದಳು. ಕೆಂಪಯ್ಯ ಹುರುಳಿಸಾರಿಗೆ ಮುದ್ದೆ ಅದ್ದುತ್ತಿದ್ದ. ಮಗಳ ಮುಖ ನೋಡಿದಳು. ಪದ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಮಗ ಲೋಟ ಎತ್ತಿ ನೀರು ಕುಡಿದ. ನಲವತ್ತು ವರ್ಷದಿಂದ ಕೆಮ್ಮುವ ಕೆಂಪಯ್ಯನ ಸ್ಟೀಲು ತಟ್ಟೆ ಮಾತ್ರ ಎಲ್ಲರ ತಟ್ಟೆಯ ಜೊತೆಗೇ ಇತ್ತು. ಅದನ್ನು ಬೇರೆ ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈ ಮನೆಗೆ ಕಾಲಿಟ್ಟು ಮೂವತ್ತೆರಡು ವರ್ಷ ಎಲ್ಲರಿಗೂ ಬಡಿಸಿದವಳು ಆ ದಿನ ನಡುಮನೆ ಬಿಟ್ಟು ಹಿತ್ತಲ ಬಾಗಿಲಲ್ಲಿ ಕೂತು ಉಂಡಳು.

ಮಾರನೆಯ ದಿನ ಸೊಪ್ಪು ವಿಂಗಡಿಸಲು ಬಂದ ಚಿಕ್ಕಸಿದ್ದಮ್ಮ ಹಿತ್ತಲಿಗೆ ಬಂದವಳು ಹಾಗೇ ನಿಂತುಬಿಟ್ಟಳು.

"ಅದು ನನ್ ತಟ್ಟೆ ಅಲ್ವರಾ ಅಮ್ಮೋರೆ?"

"ಊ ಕಣೆ. ನಿನ್ ತಟ್ಟೆ ನಂಗ್ ಬಂತು," ಎಂದಳು ಸುನಂದಮ್ಮ. ಆ ತಟ್ಟೆಯನ್ನು ಮೂವತ್ತೆರಡು ವರ್ಷ ಬೇರೆಯಾಗಿ ಇಡಿಸಿದ್ದವಳು ತಾನೇ ಎನ್ನುವುದು ಆಗ ನೆನಪಾಗಿ, ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದಳು. ಆ ದಿನದಿಂದ ಚಿಕ್ಕಸಿದ್ದಮ್ಮ ಮುತ್ತುಗದೆಲೆಯಲ್ಲಿ ಉಂಡಳು.

ದೀಪಾವಳಿಗೆ ಇನ್ನೂ ಹತ್ತು ದಿನವಿದೆ ಎನ್ನುವಾಗ ಪದ್ಮಶ್ರೀಯ ಅತ್ತೆ ಎಚ್.ಡಿ. ಕೋಟೆಯಿಂದ ಬಾಡಿಗೆ ಕಾರು ಮಾಡಿಕೊಂಡು ಸೊಸೆಯನ್ನು ನೋಡಲು ಬಂದರು. ಬೀಗಿತ್ತಿ ಗಟ್ಟಿಗಿತ್ತಿ. ಕಣ್ಣು ಹಾಯಿಸಿದ ಕಡೆ ಏನಿದೆ ಏನಿಲ್ಲ ಎಂದು ಹೇಳುವಷ್ಟು ಚುರುಕು. ಆ ದಿನ ಭಾನುವಾರ, ಮನೆಯವರೆಲ್ಲ ಇದ್ದರು. ಒಬ್ಬಟ್ಟಿನ ಊಟಕ್ಕೆ ಕೂತಾಗ ಬೀಗಿತ್ತಿ, "ಬನ್ನಿ ಬೀಗಿತ್ತಿ, ನೀವೂ ಜೊತೇಲೇ ಕೂತ್ಕಳಿ," ಎಂದರು. ಸುನಂದಮ್ಮ ಎದ್ದು ಬರುವಷ್ಟರಲ್ಲಿ ಕೆಮ್ಮು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಬೀಗಿತ್ತಿಯ ಕಣ್ಣು ಅವಳ ಕೈಯಲ್ಲಿದ್ದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಬಿತ್ತು, ಅಲ್ಲಿಂದ ರಮ್ಯಶ್ರೀಯ ಮುಖಕ್ಕೆ ಹೋಯಿತು.

"ಯಾಕಮ್ಮ, ನಿಮ್ಮತ್ತೆಗೆ ಬೇರೆ ತಟ್ಟೆ?"

ರಮ್ಯ ತೊದಲಿದಳು. ಬೀಗಿತ್ತಿಗೆ ಅಷ್ಟು ಸಾಕಾಯಿತು.

"ನೀವೇ ತಟ್ಟೆ ಬೇರೆ ಮಾಡಿದೀರಿ ಅಂದ್ಮೇಲೆ ನಾನ್ ಕೇಳೋದೇನಿದೆ? ಐದು ವರ್ಷ ಕಾದಿದೀವಿ ಕಣ್ರೀ ಈ ಮಗೂಗೆ. ಪದ್ಮಾ, ಬಟ್ಟೆ ತುಂಬ್ಕೋ. ಬಾಣಂತನ ನಾನೇ ಮಾಡ್ತೀನಿ."

"ಅಯ್ಯೋ, ಧೂಳು ಕೆಮ್ಮು ಕಣ್ರವ್ವ! ಬ್ಯಾರನ್ ಹೊಗೆ!" ಸುನಂದಮ್ಮ ಕೂಗಿದಳು. "ನಂಜುಂಡ, ಹೇಳ್ಲಾ! ನೀನಾರ ಹೇಳು!"

ನಂಜುಂಡೇಶ್ ಬೀಗಿತ್ತಿಯ ಮುಖ ನೋಡಿದ. "ಅವ್ರು ಹೇಳೋದ್ರಲ್ಲೂ ತಪ್ಪಿಲ್ವಲ್ಲವ್ವ," ಎಂದ. ಆಮೇಲೆ ಎದ್ದು ಹೋಗಿ ತಂಗಿಯ ಬ್ಯಾಗು ಎತ್ತಿಕೊಂಡು ಬಂದು ಕಾರಿನ ಡಿಕ್ಕಿಗೆ ಇಟ್ಟ.

ಪದ್ಮ ಬಾಗಿಲಲ್ಲಿ ನಿಂತಳು. ತಾಯಿಯ ಹತ್ತಿರ ಬರಲಿಲ್ಲ. "ಮಗೂಗೆ ಏನಾರ ಆದ್ರೆ ಏನವ್ವ ಮಾಡ್ಲಿ?" ಎಂದು ಅತ್ತುಕೊಂಡೇ ಹೋಗಿ ಕಾರು ಹತ್ತಿದಳು. ತುಪ್ಪದ ಡಬ್ಬಿ ತರಲು ಒಳಗೆ ಓಡಿದ ಸುನಂದಮ್ಮ ಹೊರಗೆ ಬರುವಷ್ಟರಲ್ಲಿ ಕಾರು ಹೋಗಿತ್ತು.

ಕಾರ್ತೀಕದಲ್ಲಿ ಪದ್ಮಶ್ರೀಗೆ ಹೆಣ್ಣುಮಗುವಾಯಿತು. ಕೆಂಪಯ್ಯನೂ ನಂಜುಂಡೇಶನೂ ಹೋಗಿ ನೋಡಿ ಬಂದರು. ಸುನಂದಮ್ಮನಿಗೆ ಮಗು ಕಂಡದ್ದು ರಮ್ಯಶ್ರೀಯ ಮೊಬೈಲಿನಲ್ಲಿ. ಅಂಗೈ ಅಗಲದ ಗಾಜಿನೊಳಗೆ ಬೀಗಿತ್ತಿ ಕಾಲು ನೀಡಿ ಕೂತಿದ್ದರು, ಕಾಲ ಮೇಲೆ ಮಗು ಬೋರಲು ಮಲಗಿತ್ತು.

"ಬೆನ್ನಿಗೆ ಎಣ್ಣೆ ಸಾಲ್ದು. ಇನ್ನೊಂಚೂರು ಹಚ್ಚಕ್ಕೇಳು," ಎಂದಳು ಸುನಂದಮ್ಮ.

"ಅದು ವಿಡಿಯೋ ಕಣತ್ತೆ. ನಿನ್ನೇದು."

ಆ ದಿನವೇ ಅವಳು ತೀರ್ಮಾನ ಮಾಡಿದಳು. ಟೀಬಿಯೋ ಮತ್ತೊಂದೋ, ಇದ್ದದ್ದು ಇದ್ದ ಹಾಗೆ ಗೊತ್ತಾಗಲಿ. ಕೆ.ಆರ್. ನಗರದ ತಮ್ಮನ ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ, ಹುಣಸೂರಿನಲ್ಲಿ ಬಸ್ಸಿಳಿದು, ಕೇಳಿಕೊಂಡು ಒಂದು ಆಸ್ಪತ್ರೆಗೆ ಹೋದಳು. ಕಫ ಕೊಟ್ಟಳು, ಬಾರದ ಕಫ ಕೊಡಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಎಕ್ಸ್‌ರೇ ತೆಗೆಸಿದಳು. ಎರಡು ದಿನ ಬಿಟ್ಟು ಬನ್ನಿ ಎಂದರು. ಇನ್ನೊಂದು ಸುಳ್ಳು ಹೇಳಿ ಮತ್ತೆ ಹೋದಳು.

ಡಾಕ್ಟರ್ ಸಂಘಮಿತ್ರ ಚಿಕ್ಕ ವಯಸ್ಸಿನವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಟಿಬಿ ಇಲ್ಲಮ್ಮ. ಎದೆ ಚೆನ್ನಾಗಿದೆ," ಎಂದರು. "ಬೇರೆ ಏನಾದರೂ ಮಾತ್ರೆ ತಗೋತೀರಾ?"

ಸುನಂದಮ್ಮ ಸೊಂಟದ ಚೀಲದಿಂದ ಗುಲಾಬಿ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಓದಿದರು.

"ಇದೇ ನೋಡಿ ನಿಮ್ಮ ಕೆಮ್ಮು."

"ಎಂಗೆ ಮೇಡಮ್?"

"ಇದು ಒಳ್ಳೆ ಮಾತ್ರೆನೇ. ಎಷ್ಟೋ ಜನಕ್ಕೆ ಒಗ್ಗತ್ತೆ. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ಒಣಕೆಮ್ಮು ತರತ್ತೆ. ನಿಲ್ಲಿಸಿದರೆ ಕೆಲವು ವಾರದಲ್ಲಿ ಹೋಗತ್ತೆ. ಬೇರೆ ಬರೆದುಕೊಡ್ತೀನಿ, ಅದರಿಂದ ಕಾಲೂ ಊದಲ್ಲ. ಇದನ್ನ ಯಾರು ಕೊಟ್ಟಿದ್ದು?"

"ಪಿರಿಯಾಪಟ್ಟಣದ ಮೆಡಿಕಲ್‌ನದು." ಯಾವ ಅಂಗಡಿ ಎಂದು ಹೇಳಿದಳು.

"ಓ, ಆ ಅಂಗಡಿ ಪಕ್ಕದಲ್ಲೇ ನಾನು ಸಂಜೆ ಹೊತ್ತು ಕೂರೋದು. ಅಲ್ಲಿನ ಹುಡುಗನಿಗೆ ಅವತ್ತೇ ಹೇಳಿದ್ದೆನಲ್ಲ? ಎತ್ತರಕ್ಕಿದ್ದಾನೆ, ಹುಬ್ಬಿನ ಮೇಲೆ ಗಾಯದ ಗುರುತು. ಆಯುಧಪೂಜೆ ದಿನ ಪುರಿ ಪ್ರಸಾದ ಕೊಡೋಕೆ ಬಂದವನು ಈ ಮಾತ್ರೆ ಹೆಸರು ಹೇಳಿ, ಕೆಮ್ಮು ಬರತ್ತಾ ಮೇಡಮ್ ಅಂತ ಕೇಳಿದ. ತಕ್ಷಣ ನಿಲ್ಲಿಸಿ ನನ್ನ ಹತ್ರ ಕಳಿಸು ಅಂದೆ. ಯಾರಿಗೆ ಅಂತ ಕೇಳಿದ್ದಕ್ಕೆ, ಯಾರೋ ಕಸ್ಟಮರ್ ಅಂದ."

ಆ ಗಾಯ ನಂಜುಂಡೇಶನಿಗೆ ಆರು ವರ್ಷವಾಗಿದ್ದಾಗ ಬ್ಯಾರನ್ನಿನ ಸೌದೆ ರಾಶಿಯಿಂದ ಬಿದ್ದು ಆದದ್ದು. ರಕ್ತ ಸೋರುವ ಮಗನನ್ನು ಸೊಂಟಕ್ಕೆ ಹಾಕಿಕೊಂಡು ರಾವಂದೂರಿನವರೆಗೆ ಓಡಿದ್ದವಳು ಸುನಂದಮ್ಮ.

"ನಿಮಗೆ ಅವನು ಗೊತ್ತಾ?" ಡಾಕ್ಟರು ಕೇಳಿದರು.

"ಇಲ್ಲ ಕಣವ್ವ," ಎಂದಳು ಸುನಂದಮ್ಮ.

ಬಸ್ಸಿನಲ್ಲಿ ಕೂತು ಅವಳು ದಿನ ಎಣಿಸಿದಳು. ಆಯುಧಪೂಜೆ ಮೊದಲು, ಬೀಗಿತ್ತಿ ಬಂದದ್ದು ಆಮೇಲೆ. ಹತ್ತು ದಿನ ಆಮೇಲೆ. ತಂಗಿಯ ಬ್ಯಾಗನ್ನು ಕಾರಿಗಿಡುವಾಗ ಅವನಿಗೆ ಎಲ್ಲ ಗೊತ್ತಿತ್ತು. ಟೀಬಿ ಇಲ್ಲವೆಂಬ ಚೀಟಿ ಕೈಯಲ್ಲಿದ್ದರೂ ಅವಳಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಕೂತರು. ಅವರೆಕಾಳು ಸಾರು. ಸುನಂದಮ್ಮ ತನ್ನ ಅಲ್ಯೂಮಿನಿಯಂ ತಟ್ಟೆ ತಂದು, ಇಷ್ಟು ದಿನ ಕೂರುತ್ತಿದ್ದ ಹಿತ್ತಲ ಬಾಗಿಲು ಬಿಟ್ಟು, ಮಗನ ಎದುರಿಗೇ ಕೂತಳು.

"ನಂಜುಂಡ, ಆಯುಧಪೂಜೆ ದಿನ ಅಂಗ್ಡಿ ಪುರಿ ಯಾರ್ಯಾರಿಗೆ ಹಂಚ್ದೆ?"

"ಯಾಕವ್ವ ಈಗ?"

"ಪಕ್ಕದ ಡಾಕ್ಟ್ರಮ್ಮಂಗೂ ಕೊಟ್ಟೆಯಂತಲ್ಲ. ಕೊಡ್ತಾ ಯಾರೋ ಕಸ್ಟಮರ್ ವಿಷ್ಯ ಕೇಳ್ದೆಯಂತೆ."

ಮುದ್ದೆ ಮುರಿದ ಅವನ ಕೈ ಸಾರಿನಲ್ಲೇ ನಿಂತಿತು.

"ಯಾವ ಕಸ್ಟಮರ್ ರೀ?" ಎಂದಳು ರಮ್ಯ.

"ಹೇಳ್ಲಾ, ನಿನ್ ಎಂಡ್ತಿ ಕೇಳ್ತಾವ್ಳೆ."

ಸುನಂದಮ್ಮನೇ ಹೇಳಿದಳು. ಕಫದ ಚೀಟಿ, ಎಕ್ಸ್‌ರೇ, ಹೊಸ ಮಾತ್ರೆ ಎಲ್ಲವನ್ನೂ ಒಂದೊಂದಾಗಿ ತಟ್ಟೆಯ ಪಕ್ಕ ಇಟ್ಟಳು. ರಮ್ಯಶ್ರೀ ಸೌಟು ಕೆಳಗಿಟ್ಟಳು.

"ಅಂದ್ರೆ ನಿಮ್ಗೆ ಗೊತ್ತಿತ್ತು. ದಿನಾ ಅತ್ತೆಗೆ ಆ ತಟ್ಟೇಲಿ ಬಡಿಸ್ತಿದ್ನಲ್ರೀ ನಾನು! ಊರೋರ ಬಾಯಲ್ಲಿ ನಾನ್ ಕೆಟ್ಟೋಳಾದೆ. ನೀವು ನೋಡ್ತಾ ಕೂತಿದ್ರಾ?"

"ನೋಡ್ತಾ ಕೂತಿದ್ದೆ ಅಂತ ಅಲ್ಲ ಕಣೆ..." ನಂಜುಂಡೇಶ್ ತಾಯಿಯ ಕಡೆ ತಿರುಗಿದ. "ಅವ್ವ, ಸ್ಟಾಕ್ ಮುಗೀಲಿ ಅಂತ ಸುಮ್ಕಿದ್ದೆ. ನಿಂಗೆ ಬಣ್ಣ ಬದ್ಲಾಯ್ಸಿದ್ರೆ ಊರೆಲ್ಲಾ ಕೇಳೋದು, ಅವ್ವಂಗ್ಯಾಕೆ ಬದ್ಲಾಯ್ಸಿದೆ ಅಂತ. ಸಂಕ್ರಾಂತಿಗೆ ರಾವಂದೂರಲ್ಲಿ ಬ್ರಾಂಚ್ ಮಾಡ್ತಾವ್ರೆ. ನಂಗೇ ಬುಟ್ಕೊಡ್ತೀನಿ ಅಂದವ್ರೆ ಓನರ್. ಈಗ ಹೆಸರು ಕೆಟ್ರೆ ಎಲ್ಲಾ ಹೋಯ್ತದೆ."

"ನಿಂಗೆ ಬ್ರಾಂಚು. ನಂಗೆ ಬಾಣಂತನ ಹೋಯ್ತಲ್ಲೋ."

"ಪದ್ಮಂಗೆ ಇನ್ನೊಂದ್ ಮಗು ಆಗ್ದೇ ಇದ್ದದಾ?"

ಈ ಮಾತು ಕೇಳಿ ಕೆಂಪಯ್ಯನಿಗೂ ಒಂದು ಕ್ಷಣ ಮುಖ ಕೆಳಗಾಯಿತು. ಆದರೆ ಅದೊಂದು ಕ್ಷಣ ಅಷ್ಟೇ. "ಆಗಿದ್ದಾಯ್ತು ಬುಡೆ," ಎಂದ. "ಟೀಬಿ ಅಲ್ಲ ಅಂತ ಗೊತ್ತಾಯ್ತಲ್ಲ. ಅವ್ನ ಬಾಳು ಹಾಳ್ ಮಾಡ್ಬ್ಯಾಡ. ಊರಲ್ಲಿ ಯಾರ್ಗೂ ಹೇಳ್ಬ್ಯಾಡ."

ರಮ್ಯ ಒಳಗೆ ಹೋಗಿ ಅತ್ತೆಯ ಹಳೆಯ ಸ್ಟೀಲು ತಟ್ಟೆ ತಂದಳು. ಅವಳ ಕಣ್ಣು ತುಂಬಿತ್ತು. "ಇದ್ರಲ್ಲಿ ಉಣ್ಣಿ ಅತ್ತೆ. ತಪ್ಪಾಯ್ತು."

"ಬ್ಯಾಡ, ಇದ್ರಲ್ಲೇ ಆಯ್ತದೆ. ತೊಳ್ದು ಎಲ್ಲಾ ತಟ್ಟೆ ಜೊತೇಲಿ ಜೋಡ್ಸು."

"ಆಳುಗಳ ತಟ್ಟೆ ಕಣೇ ಅದು," ಎಂದ ಕೆಂಪಯ್ಯ.

"ಎರಡು ತಿಂಗ್ಳು ನಾನುಂಡ ತಟ್ಟೆ. ನಿಮ್ಗೆ ಆಗ್ದಿದ್ರೆ ನೀವು ಎಲೆ ಹಾಕ್ಕಳಿ."

ಹೊಸ ಮಾತ್ರೆಗೆ ಮೂರು ವಾರವಾಗುವಷ್ಟರಲ್ಲಿ ಕೆಮ್ಮು ನೂರಕ್ಕೆ ತೊಂಬತ್ತು ಪಾಲು ಹೋಯಿತು. ಸುನಂದಮ್ಮ ಯಾರಿಗೂ ಏನೂ ಹೇಳಲಿಲ್ಲ. ಹೇಳಲು ಬಾಯಿಗೆ ಬಂದರೂ ಮಗನ ಮುಖ ನೋಡಿ ನುಂಗಿಕೊಂಡಳು. ಹೆತ್ತವಳು, ಕೋಪ ಒಂದು ಕಡೆ, ಕರುಳು ಒಂದು ಕಡೆ. ಗುಲಾಬಿ ಮಾತ್ರೆ ಬಿಟ್ಟುಬಿಡುವಂತೆ ಅವರವರಿಗೆ ನೀನೇ ಹೇಳು ಎಂದು ದಿನಾ ಅವನಿಗೆ ಹೇಳುತ್ತಿದ್ದಳು. "ಹೇಳ್ತೀನಿ ಕಣವ್ವ, ಈ ತಿಂಗ್ಳು ಮುಗೀಲಿ," ಎನ್ನುತ್ತಿದ್ದ.

ಮಗುವಿಗೆ ತಿಂಗಳಾದ ಮೇಲಿನ ಭಾನುವಾರ, ಅವನ ಬೈಕಿನಲ್ಲೇ ಎಚ್.ಡಿ. ಕೋಟೆಗೆ ಹೋದಳು. ತೊಡೆಯ ಮೇಲೆ ಬಾಣಂತಿ ಖಾರದ ಡಬ್ಬಿ, ತುಪ್ಪ, ಮಡಿಸಿದ ಸೀರೆ ಬಟ್ಟೆಗಳ ಗಂಟು. ಬೀಗಿತ್ತಿ ಮರ್ಯಾದೆಯಾಗಿಯೇ ಬರಮಾಡಿಕೊಂಡು, ನಡುಮನೆಯಲ್ಲಿ ಕುರ್ಚಿ ಹಾಕಿಸಿದರು. ಬಾಣಂತಿಯ ಕೋಣೆಯ ಬಾಗಿಲು ಅಲ್ಲಿಂದ ನಾಲ್ಕು ಮಾರು.

"ಕೆಮ್ಮು ಎಂಗದೆ ಬೀಗಿತ್ತಿ? ತೋರಿಸಿದ್ರಾ?"

"ತೋರಿಸ್ದೆ ಕಣ್ರವ್ವ. ಟೀಬಿ ಅಲ್ವಂತೆ."

"ಮತ್ತೇನಂತೆ?" ಕೋಣೆಯೊಳಗಿಂದ ಪದ್ಮ ಕೇಳಿದಳು. ಅವಳ ಮಡಿಲಲ್ಲಿ ಮಗು ಇತ್ತು. "ಏನಂದ್ರವ್ವ ಡಾಕ್ಟ್ರು?"

ಸುನಂದಮ್ಮ ಮಗನ ಕಡೆ ನೋಡಿದಳು. ನಂಜುಂಡೇಶ್ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ್ದ. ನಿಜ ಹೇಳಿದರೆ ತಂಗಿಯ ಮನೆಯ ಬಾಗಿಲು ಅವನಿಗೆ ಎಂದೆಂದಿಗೂ ಮುಚ್ಚಿದ ಹಾಗೆ.

"ಧೂಳು ಅಂದ್ರು ಕಣವ್ವ," ಎಂದಳು. "ಹೊಗೆಸೊಪ್ಪಿನ ಧೂಳು."

ನಂಜುಂಡೇಶನ ಮುಖದಲ್ಲಿ ಆಗ ನಿರಾಳ ಕಂಡಿತು. ಸಂಕಟವಲ್ಲ, ನಾಚಿಕೆಯಲ್ಲ, ಬರೀ ನಿರಾಳ. ಕೀಲಿ ಮತ್ತೆ ಬೆರಳಲ್ಲಿ ತಿರುಗತೊಡಗಿತು. ಸುನಂದಮ್ಮ ಅದನ್ನು ಕಣ್ಣಾರೆ ನೋಡಿದಳು.

"ಧೂಳು ಅಂದ್ರೆ ಬಟ್ಟೇಲೂ ಇರ್ತದೆ, ಕೂದಲಲ್ಲೂ ಇರ್ತದೆ," ಎಂದರು ಬೀಗಿತ್ತಿ. "ಸೊಪ್ಪಿನ ಕೆಲಸ ಮುಗೀಲಿ ಬುಡಿ. ಮೂರು ತಿಂಗ್ಳು ಆದ್ಮೇಲೆ ಎಷ್ಟ್ ಬೇಕಾದ್ರೂ ಎತ್ಕಳಿ, ಯಾರು ಬ್ಯಾಡ ಅಂತಾರೆ?"

ಪದ್ಮ ಅತ್ತೆಯ ಮುಖ ನೋಡಿ, ಕೂತಲ್ಲಿಂದಲೇ ಮಗುವಿನ ಹೊದಿಕೆ ಸರಿಸಿ ತೋರಿಸಿದಳು. ಕಪ್ಪು ಕೂದಲು, ಕೆಂಪನೆ ಮುಖ. ಊತವಿಲ್ಲದ ಎರಡು ಕಾಲನ್ನು ಜೋಡಿಸಿಕೊಂಡು ಸುನಂದಮ್ಮ ನಾಲ್ಕು ಮಾರು ದೂರದಿಂದ ಮೊಮ್ಮಗಳನ್ನು ನೋಡಿದಳು. ಕಾಫಿ ಕುಡಿದಳು. ಗಂಟು ಕೊಟ್ಟು ಬಂದಳು.

ಮಾರನೆಯ ಬೆಳಗ್ಗೆ ಎಂಟು ಗಂಟೆಗೆ ಚಿಕ್ಕಸಿದ್ದಮ್ಮ ಜಗಲಿಯ ಮುಂದೆ ಬಂದು ನಿಂತಳು. ನಂಜುಂಡೇಶ್ ಅಂಗಳದಲ್ಲಿ ಬೈಕು ಒರೆಸುತ್ತಿದ್ದ.

"ಮಾತ್ರೆ ಮುಗ್ದೋಯ್ತು ಅಮ್ಮೋರೆ, ಈ ತಿಂಗ್ಳದು ಕೊಡಿ," ಎಂದವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಕೆಮ್ಮು ಬಂತು. ಕಫವಿಲ್ಲದ, ಗಂಟಲನ್ನೇ ಕೆರೆಯುವ, ಕಣ್ಣಲ್ಲಿ ನೀರು ತರಿಸುವ ಕೆಮ್ಮು. ಸುನಂದಮ್ಮನಿಗೆ ಅದರ ದನಿ ಚೆನ್ನಾಗಿ ಗೊತ್ತಿತ್ತು.

"ಎಷ್ಟು ದಿನದಿಂದ ಸಿದ್ದಿ?"

"ಒಂದ್ ತಿಂಗ್ಳಾಯ್ತೇನೋ. ಸೊಪ್ಪಿನ ಧೂಳು. ನನ್ ಸೊಸೆ ಮಗೀನ ನನ್ನತ್ರ ಬುಡ್ತಾನೇ ಇಲ್ಲ ಕಣ್ರವ್ವ. ನೀನು ಆಚೆ ಮನೀಕೋ ಅಂತಾಳೆ."

"ಅವ್ವಾ, ಕೊಟ್ ಕಳ್ಸು," ಅಂಗಳದಿಂದ ನಂಜುಂಡೇಶ್ ಕೂಗಿದ. "ಕೆಲ್ಸಕ್ಕೆ ಹೊತ್ತಾಯ್ತದೆ ಅವ್ಳಿಗೆ. ಕೆಮ್ಮಿಗೆ ಸಾಯಂಕಾಲ ಸಿರಪ್ ತತ್ತೀನಿ ಅಂತೇಳು."

ಸುನಂದಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಗುಲಾಬಿ ಮಾತ್ರೆಯ ಹಾಳೆ ಕೈಗೆ ಬಂತು. ಅದನ್ನು ಒಂದು ಗಳಿಗೆ ಹಿಡಿದುಕೊಂಡಿದ್ದು, ಮತ್ತೆ ಒಳಗೆ ಹಾಕಿ ಮುಚ್ಚಳ ಒತ್ತಿದಳು.

"ಇದು ಕೊಡಾಕಿಲ್ಲ ಕಣೆ. ಇವತ್ತು ಸೊಪ್ಪಿನ ಕೆಲ್ಸ ಬ್ಯಾಡ. ಈಗ್ಲೇ ಬಸ್ ಹತ್ತಿ ಹುಣಸೂರಿಗೆ ಹೋಗಾನ, ನಾನೂ ಬತ್ತೀನಿ. ಬಿಪಿ ಮಾತ್ರೆ ಬುಡಬಾರ್ದು, ಬದ್ಲಾಯಿಸ್ಕೋಬೇಕು. ಧೂಳಲ್ಲ ಅದು. ಈ ಮಾತ್ರೆ ಕೆಮ್ಮು."

"ಅವ್ವಾ!" ನಂಜುಂಡೇಶನ ಕೈಯಿಂದ ಬಟ್ಟೆ ಬಿತ್ತು.

ಚಿಕ್ಕಸಿದ್ದಮ್ಮ ಅವನನ್ನೂ ನೋಡಿದಳು, ಅವಳನ್ನೂ ನೋಡಿದಳು. "ಅಂಗಂದೋರು ಯಾರು ಅಮ್ಮೋರೆ? ನಮ್ಮವ್ವಂಗೂ ಇದೇ ಮಾತ್ರೆ ಅಂತ ನಿಮ್ ಮಗನೇ ಹೇಳಿದ್ರಲ್ಲ?"

"ಊ, ನಂಗೂ ಇದೇ ಕೊಟ್ಟಿದ್ದ." ಸುನಂದಮ್ಮ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು. ಅವಳ ದನಿ ಬೀದಿಯ ಆ ತುದಿಗೂ ಕೇಳುವಷ್ಟಿತ್ತು. "ಅವ್ನ ಅಂಗ್ಡೀಲಿ ಯಾರೋ ಒಬ್ಳು ಕಸ್ಟಮರ್‌ಗೆ ಇಂಗೇ ಆಗಿತ್ತಂತೆ. ಅದು ಅವ್ನಿಗೆ ಆಯುಧಪೂಜೆ ದಿನವೇ ಗೊತ್ತಂತೆ. ಕೇಳು ಬೇಕಾರೆ, ಅಲ್ಲೇ ನಿಂತವ್ನೆ. ಆ ಕಸ್ಟಮರ್ ನಾನೇ ಕಣೆ."

ಚಪ್ಪಲಿ ಮೆಟ್ಟಿಕೊಂಡು ಅವಳು ಅಂಗಳ ದಾಟಿ ಬೀದಿಗಿಳಿದಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಹೇಳಬೇಕಾದ ಮನೆಗಳು ಇನ್ನೂ ಹದಿಮೂರಿದ್ದವು.